ಹೆರಿಗೆ ವಾರ್ಡಿನಿಂದ ಲಂಡನ್ನಿಗೆ ಹೋಗಿ ಬಂದದ್ದು: ಕಾಗದ, ಖರ್ಚು, ಕಾಯುವಿಕೆ

ಊರಿಗೆ ವಾಪಸ್ ಬಂದ ಮೇಲೆ ಪರಿಚಯದ ನರ್ಸ್‌ಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಓಇಟಿ ಎಷ್ಟು ಬಂತು? ಏಜೆಂಟ್ ಯಾರು?" ಓಇಟಿ ಅಂದರೆ ವಿದೇಶದಲ್ಲಿ ನರ್ಸ್ ಆಗೋಕೆ ಬರೆಯುವ ಇಂಗ್ಲಿಷ್ ಪರೀಕ್ಷೆ. ನಾನು ಅದನ್ನು ಬರೆದೇ ಇಲ್ಲ, ಏಜೆಂಟ್ ಹತ್ತಿರ ಹೋಗಿಯೂ ಇಲ್ಲ. ನಾನು ಹೋಗಿದ್ದು ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡೋಕಲ್ಲ. ತಾಯಂದಿರ ಆರೋಗ್ಯ, ಸಂತಾನ ಆರೋಗ್ಯದ ವಿಷಯದಲ್ಲಿ ಒಂದು ವರ್ಷದ ಎಂಎಸ್ಸಿ ಮಾಡೋಕೆ, ಚೆವೆನಿಂಗ್ ಸ್ಕಾಲರ್‌ಶಿಪ್ ಮೇಲೆ. ಎರಡೂ ಬೇರೆ ಬೇರೆ ದಾರಿ. ನರ್ಸ್ ಕೆಲಸಕ್ಕೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬೇಕು, ಅದರದ್ದೇ ಪರೀಕ್ಷೆಗಳಿವೆ. ಓದೋಕೆ ಅದ್ಯಾವುದೂ ಬೇಕಾಗಿಲ್ಲ. ಇದನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಬೆಳಗಾವಿ ಜಿಲ್ಲೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್ ಆಗಿದ್ದೆ. 2023ರಲ್ಲಿ ಪ್ರಪಂಚದಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆಯ ಕಾರಣದಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದಿನಕ್ಕೆ 700ಕ್ಕೂ ಜಾಸ್ತಿ. ಈ ಲೆಕ್ಕ ಹಾಕುವವರು, ಅದನ್ನು ಹಿಡಿದು ಸರ್ಕಾರಗಳ ಬೆನ್ನು ಹತ್ತುವವರು, ಔಷಧಿ, ದುಡ್ಡು, ಕಾನೂನು ಅಂತ ಹಟ ಹಿಡಿಯುವವರು ಬೇರೆ ಒಂದು ಲೋಕದಲ್ಲಿದ್ದಾರೆ, ಅದು ಡಾಕ್ಟರುಗಳಿಗೆ, ಇಂಗ್ಲಿಷ್ ಮೀಡಿಯಂನವರಿಗೆ ಅಂತ ನಾನು ತಿಳಿದಿದ್ದೆ. ಅಲ್ಲಿ ನರ್ಸ್‌ಗೂ ಜಾಗ ಇದೆ ಅಂತ ಹೇಳಿದ್ದು ಒಂದು ತರಬೇತಿಗೆ ಬಂದಿದ್ದ ಮೇಡಂ. ಅವರೇ ಚೆವೆನಿಂಗ್ ಹೆಸರು ಬರೆದು ಕೊಟ್ಟರು. ಇದು ಬ್ರಿಟನ್ ಸರ್ಕಾರದ ಸ್ಕಾಲರ್‌ಶಿಪ್. ಫೀಸು, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲ ಕೊಡುತ್ತಾರೆ. ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲೇ ಇರಬೇಕು ಅನ್ನೋದು ಷರತ್ತು.

ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತೆ, ಅಕ್ಟೋಬರ್–ನವೆಂಬರ್ ಹೊತ್ತಿಗೆ ಮುಚ್ಚುತ್ತೆ. ನಾನು 2023ರಲ್ಲಿ ಹಾಕಿದೆ. ಅದರಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು 2,800 ಗಂಟೆ. ಅಷ್ಟು ಕೆಲಸದ ಅನುಭವ ಇರಬೇಕು, ಅಂದರೆ ಹೆಚ್ಚುಕಮ್ಮಿ ಎರಡು ವರ್ಷ. ನೈಟ್ ಡ್ಯೂಟಿ ಲೆಕ್ಕ ಹಾಕಿದರೆ ನಮ್ಮಂಥವರದ್ದು ಯಾವಾಗಲೋ ದಾಟಿರುತ್ತೆ. ಕಷ್ಟ ಇರುವುದು ಅದನ್ನು ಕಾಗದದಲ್ಲಿ ತೋರಿಸೋದರಲ್ಲಿ. ಗುತ್ತಿಗೆಯವರಿಗೆ ವರ್ಷಕ್ಕೊಂದು ಆದೇಶ, ನಡುವೆ ಒಂದು ದಿನದ ಬ್ರೇಕ್. ನನ್ನ ಆದೇಶಗಳಲ್ಲಿ ಒಂದರಲ್ಲಿ ಸಹಿ ಇತ್ತು, ಸೀಲ್ ಇರಲಿಲ್ಲ. ಇನ್ನೊಂದು ಸಿಗಲೇ ಇಲ್ಲ. ಅನುಭವ ಪತ್ರ ಕೇಳಿದರೆ ಕಚೇರಿಯಲ್ಲಿ, "ನೀವು ಗುತ್ತಿಗೆಯವರಲ್ರೀ, ನಿಮಗ್ಯಾಕ ಅನುಭವ ಪತ್ರ?" ಅಂದರು. ಕೇಸ್ ವರ್ಕರ್ ರಜೆ, ಅವರು ಬಂದರೆ ಸಾಹೇಬರು ಮೀಟಿಂಗ್. ಸುಮ್ನೆ ಅಲೆದಾಟ. ಕೊನೆಗೆ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕು, ಡ್ಯೂಟಿ ರೋಸ್ಟರ್‌ನ ಜೆರಾಕ್ಸು ಜೋಡಿಸಿ, ನಾನೇ ಪತ್ರದ ಕರಡು ಟೈಪ್ ಮಾಡಿಸಿಕೊಂಡು ಹೋದೆ. ಆಗ ಸಹಿ ಬಿತ್ತು. ನಿಮಗೂ ಹೇಳುವುದಿಷ್ಟೇ: ಖಾಲಿ ಕೈಯಲ್ಲಿ ಹೋಗಿ ಪತ್ರ ಕೊಡಿ ಅನ್ನಬೇಡಿ. ಕರಡು, ದಾಖಲೆ ಎರಡೂ ಒಯ್ಯಿರಿ. ಕೆಲಸಕ್ಕೆ ಸೇರಿದ ತಾರೀಕು, ವಾರಕ್ಕೆ ಎಷ್ಟು ಗಂಟೆ, ಹುದ್ದೆಯ ಹೆಸರು ಇವು ಮೂರೂ ಪತ್ರದಲ್ಲಿ ಇರಲಿ.

ಆಮೇಲೆ ಹೆಸರಿನ ಗೋಳು. ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇವೆ. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಅಡ್ಡಹೆಸರಿನ ಕಾಲಂ ಖಾಲಿ ಬಿಟ್ಟಿತ್ತು. ನಮ್ಮ ಕಡೆ ಇದು ಮನೆಮನೆಯ ಕಥೆ, ಅಲ್ವಾ? ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಪಾಸ್‌ಪೋರ್ಟ್‌ನಲ್ಲಿ ಇದ್ದಂಗೆ ಹೆಸರು ಕೊಡಬೇಕು. ಲಂಡನ್ನಿನ ಕಾಲೇಜು ಅಂಕಪಟ್ಟಿ ನೋಡುತ್ತೆ. ಎರಡೂ ಒಬ್ಬಳೇ ಅಂತ ನೋಟರಿ ಹತ್ತಿರ ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆ. ಅದರಲ್ಲೇ ನಡೆಯಿತು. ಆದರೆ ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಮೊದಲು ಆಧಾರ್ ಸರಿ ಮಾಡಿಸಿ, ಅಂಕಪಟ್ಟಿಯಲ್ಲಿ ಇದ್ದಂಗೇ ಪಾಸ್‌ಪೋರ್ಟ್ ತೆಗೆಸಿ. ಆಮೇಲಿನ ಅರ್ಧ ತಲೆನೋವು ಅಲ್ಲೇ ಹೋಗುತ್ತೆ. ಕಾಯಂ ಸರ್ಕಾರಿ ನೌಕರರಾಗಿದ್ದರೆ ಪಾಸ್‌ಪೋರ್ಟ್‌ಗೆ ಇಲಾಖೆಯ ಎನ್‌ಒಸಿ ಅಥವಾ ಮುಂಚಿತ ಮಾಹಿತಿಯ ಪತ್ರ ಬೇಕು. ಅದನ್ನೂ ಬೇಗ ಶುರು ಮಾಡಿ.

ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಶ್ವವಿದ್ಯಾಲಯ ಕೊಡುವ ಎಲ್ಲ ವರ್ಷದ ಅಂಕಗಳ ಅಧಿಕೃತ ಪಟ್ಟಿ, ಅದರ ಬಗ್ಗೆ ಜಾಸ್ತಿ ಬರೆಯಲ್ಲ. ನಾಲ್ಕೂ ವರ್ಷದ ಅಂಕಪಟ್ಟಿ, ಫೀಸು, ಅರ್ಜಿ, ಕಾಯುವುದು, ಇಷ್ಟೇ. ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ಹೋಗಿ, ಇಡೀ ದಿನ ಕೂತು, ಮತ್ತೆ ರಾತ್ರಿ ಬಸ್ಸಿಗೇ ವಾಪಸ್ ಬಂದು ಬೆಳಗ್ಗೆ ಡ್ಯೂಟಿಗೆ ಹೋಗಿದ್ದೂ ಉಂಟು. ಐಇಎಲ್‌ಟಿಎಸ್ ಫೀಸು 17,000 ರೂಪಾಯಿ ಆಸುಪಾಸು ಇತ್ತು. ನನ್ನ ಒಂದು ತಿಂಗಳ ಸಂಬಳ ಹೆಚ್ಚುಕಮ್ಮಿ ಅಷ್ಟೇ. ಅಂಕ ಎರಡು ವರ್ಷ ನಡೆಯುತ್ತೆ. ಓದು, ಬರಹಕ್ಕೆ ಹೆದರಬೇಡಿ, ಅಭ್ಯಾಸ ಮಾಡಿದರೆ ಬರುತ್ತೆ. ನನಗೆ ಕಷ್ಟವಾಗಿದ್ದು ಮಾತು. ಪಿಯುಸಿವರೆಗೂ ಕನ್ನಡ ಮೀಡಿಯಂ ಓದಿದ ನಾಲಿಗೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗ ಅವತ್ತಿನ ಕೇಸುಗಳನ್ನು ಬಾಯೊಳಗೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಸೀಟಿನವರು ಜಪ ಅಂದುಕೊಂಡಿರಬೇಕು.

ಈಗ ಸ್ಕಾಲರ್‌ಶಿಪ್ ಅರ್ಜಿಯ ಪ್ರಬಂಧಗಳಿಗೆ ಬರೋಣ. ಜನ ಎಡವುವುದು ಇಲ್ಲೇ. ನಾಯಕತ್ವ, ಸಂಪರ್ಕ, ಯಾಕೆ ಈ ಕೋರ್ಸು, ಮುಂದೇನು ಅಂತ ನಾಲ್ಕು ಕೇಳುತ್ತಾರೆ. ನಾಯಕತ್ವ ಅನ್ನೋದನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನಾನು ಯಾರ ನಾಯಕಿ? ಡಾಕ್ಟರ್ ಹೇಳಿದ್ದು ಮಾಡೋಳು. ಗೆಳತಿಯೊಬ್ಬಳು ಕೂರಿಸಿಕೊಂಡು, "ನೀ ಬರೂಕಿಂತ ಮೊದಲು ಲೇಬರ್ ರೂಮಿನ್ಯಾಗ ಏನಿರಲಿಲ್ಲ? ಈಗ ಏನೈತಿ?" ಅಂತ ಕೇಳಿದಳು. ಆಗ ನೆನಪಾಗಿದ್ದು ರಿಜಿಸ್ಟರಿನ ಕೊನೆಯ ಹಾಳೆಗಳು.

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ನಮ್ಮಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಹಾಗೆ ಕಳಿಸಿದ ಒಬ್ಬೊಬ್ಬರದ್ದೂ ನಾನು ನಾಲ್ಕು ಸಮಯ ಬರೆದಿಡುತ್ತಿದ್ದೆ: ಕಳಿಸೋಣ ಅಂತ ನಿರ್ಧಾರ ಮಾಡಿದ್ದು, 108ಕ್ಕೆ ಫೋನ್ ಮಾಡಿದ್ದು, ಗಾಡಿ ಬಂದದ್ದು, ಅಲ್ಲಿ ತಲುಪಿದ್ದು. ಕೊನೆಯದನ್ನು ಡ್ರೈವರ್‌ಗೆ ಫೋನ್ ಮಾಡಿ ಕೇಳುತ್ತಿದ್ದೆ. ಯಾರೂ ಹೇಳಿರಲಿಲ್ಲ, ನನ್ನ ಸಮಾಧಾನಕ್ಕೆ. ಕೆಲವು ತಿಂಗಳು ಕಳೆದ ಮೇಲೆ ನೋಡಿದರೆ ದಾರಿಯಲ್ಲಿ ಹೋಗುತ್ತಿದ್ದ ಹೊತ್ತಿಗಿಂತ ನಿರ್ಧಾರಕ್ಕೆ ಮೊದಲು ಹೋಗುತ್ತಿದ್ದ ಹೊತ್ತೇ ಜಾಸ್ತಿ. ಯಾಕಂದ್ರೆ ಎಷ್ಟು ರಕ್ತ ಹೋಗಿದೆ ಅಂತ ಅಂದಾಜು ಮಾಡುತ್ತಿದ್ದದ್ದು ಕಣ್ಣಳತೆಯಲ್ಲಿ. ಎರಡು ಬಟ್ಟೆ ತೊಯ್ತು, ಕಿಡ್ನಿ ಟ್ರೇ ಅರ್ಧ ಆಯ್ತು, ಹೀಗೆ. ಕಣ್ಣಿಗೆ ಯಾವಾಗಲೂ ಕಮ್ಮಿಯೇ ಕಾಣುತ್ತೆ. ಆ ಹಾಳೆ ತೋರಿಸಿ ನಮ್ಮ ಆಸ್ಪತ್ರೆಯ ಮೇಡಂ ಹತ್ತಿರ ಅಳತೆಯ ಡ್ರೇಪ್ ತರಿಸಿದೆವು. ಅದೊಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ಬಾಣಂತಿಯ ಸೊಂಟದ ಕೆಳಗೆ ಸರಿಸುತ್ತೇವೆ. ಕೆಳಗೆ ತೂಗುವ ಚೀಲದ ಮೇಲೆ ಮಿಲಿಲೀಟರ್ ಗೆರೆಗಳಿರುತ್ತವೆ. ಗೆರೆ 500 ಮುಟ್ಟಿದರೆ ವಾದವೇ ಇಲ್ಲ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಡಾಕ್ಟರನ್ನು ಎಬ್ಬಿಸಬೇಕು.

ಇದನ್ನೇ ಬರೆದೆ. ಬೇರೇನೂ ಇಲ್ಲ. ದೊಡ್ಡ ಮಾತು, "ಸಮಾಜ ಸೇವೆ ಮಾಡಬೇಕೆಂಬ ಬಾಲ್ಯದ ಕನಸು" ಇತ್ಯಾದಿ ಒಂದು ಸಾಲೂ ಹಾಕಲಿಲ್ಲ. ನೀವೂ ಹಾಕಬೇಡಿ. ನಿಮ್ಮ ವಾರ್ಡಿನಲ್ಲಿ ಏನು ಬದಲಾಯಿತು, ಯಾರು ಬೇಡ ಅಂದರು, ನೀವು ಏನು ತೋರಿಸಿ ಒಪ್ಪಿಸಿದಿರಿ ಅಂತ ಬರೆಯಿರಿ. ಅಂಥದ್ದು ಇನ್ನೂ ಇಲ್ಲದಿದ್ದರೆ ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ. ಬಾಣಂತಿಯರ ಹೆಸರು ಮಾತ್ರ ಬೇಡ.

ಅರ್ಜಿ ಹೋದ ಮೇಲೆ ತಿಂಗಳುಗಟ್ಟಲೆ ಸದ್ದೇ ಇಲ್ಲ. ಅವ್ವ ಈ ನಡುವೆ ಎರಡು ಸಂಬಂಧ ನೋಡಿ ಬಂದಳು. "ಅದು ಬರ್ತದೋ ಇಲ್ಲೋ, ಇದರ ಮಾತರೆ ಮುಗಸೂಣು" ಅನ್ನುತ್ತಿದ್ದಳು. ಅವಳದ್ದೂ ತಪ್ಪಿಲ್ಲ. ನನ್ನ ಹತ್ತಿರ ತೋರಿಸೋಕೆ ಒಂದು ಇಮೇಲ್ ಬಿಟ್ಟರೆ ಏನೂ ಇರಲಿಲ್ಲ. ಸಂದರ್ಶನಕ್ಕೆ ಆಯ್ಕೆಯಾಗಿದೆ ಅಂತ ಬಂದಾಗ ಖುಷಿಗಿಂತ ಗಾಬರಿಯೇ ಜಾಸ್ತಿ ಆಯಿತು. ಎರಡು ಶಿಫಾರಸು ಪತ್ರ ಕೊಡಬೇಕಿತ್ತು. ನಮ್ಮ ಕಡೆ ಪತ್ರ ಅಂದರೆ ಕ್ಯಾರೆಕ್ಟರ್ ಸರ್ಟಿಫಿಕೇಟ್: ಪ್ರಾಮಾಣಿಕಳು, ವಿಧೇಯಳು, ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಮೊದಲು ಸಿಕ್ಕಿದ್ದು ಅಂಥದ್ದೇ. ಪತ್ರ ಕೊಟ್ಟ ಸರ್ ಹತ್ತಿರ ಮತ್ತೆ ಹೋಗಿ, "ಸರ್, ಆ ಡ್ರೇಪ್ ವಿಷಯ, 108 ವಿಷಯ ಬರೀರಿ" ಅಂತ ಕೇಳಿಕೊಂಡೆ. ನಕ್ಕು ಬರೆದು ಕೊಟ್ಟರು. ಕೇಳೋಕೆ ನಾಚಿಕೆ ಪಡಬೇಡಿ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಇವತ್ತಿಗೂ ಇಷ್ಟ. ನೀವು ಡಾಕ್ಟರ್ ಅಲ್ಲ, ಅಧಿಕಾರಿಯೂ ಅಲ್ಲ, ವಾಪಸ್ ಹೋದ ಮೇಲೆ ನಿಮ್ಮ ಮಾತು ಯಾರು ಕೇಳುತ್ತಾರೆ? ನನ್ನ ಮಾತು ಕೇಳದೆ ಇರಬಹುದು, ಗಂಟೆ ನಿಮಿಷ ಬರೆದಿಟ್ಟ ಹಾಳೆಯನ್ನು ಕೇಳಲೇಬೇಕಾಗುತ್ತೆ ಅಂದೆ. ಇಂಗ್ಲಿಷು ಅಲ್ಲಲ್ಲಿ ತಡವರಿಸಿತು. ಅದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ.

ಜೂನ್‌ನಲ್ಲಿ ಫಲಿತಾಂಶ ಬಂತು. ಆಮೇಲೆ ಎಲ್ಲ ಒಟ್ಟಿಗೆ. ಕಾಲೇಜಿನಿಂದ ಷರತ್ತಿಲ್ಲದ ಆಫರ್ ಜುಲೈ ಒಳಗೆ ಬೇಕು, ಅದಕ್ಕೆ ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗಲೇ ಕಾಲೇಜಿಗೂ ಹಾಕಿರಬೇಕು. ಎರಡೂ ಬೇರೆ ಬೇರೆ ಅರ್ಜಿ. ಇದು ಗೊತ್ತಿಲ್ಲದೆ ಸ್ಕಾಲರ್‌ಶಿಪ್ ಸಿಕ್ಕಿ ಸೀಟು ಸಿಗದವರೂ ಇದ್ದಾರೆ. ಆರು ತಿಂಗಳಿಗಿಂತ ಜಾಸ್ತಿ ಇರುವ ವೀಸಾಕ್ಕೆ ಟಿಬಿ ಪರೀಕ್ಷೆ ಕಡ್ಡಾಯ, ಎದೆಯ ಎಕ್ಸ್‌ರೇ. ಯಾವುದೋ ಲ್ಯಾಬಿನಲ್ಲಿ ಮಾಡಿಸಿದರೆ ನಡೆಯಲ್ಲ, ಅವರು ಒಪ್ಪಿದ ಕ್ಲಿನಿಕ್ಕೇ ಆಗಬೇಕು. ಬೆಂಗಳೂರಿನಲ್ಲಿದೆ. ಸರ್ಟಿಫಿಕೇಟ್ ಆರು ತಿಂಗಳು ಮಾತ್ರ ನಡೆಯುತ್ತೆ. ಗುತ್ತಿಗೆಯವಳಿಗೆ ಓದಿನ ರಜೆ ಅಂತ ಇಲ್ಲ, ಹಾಗಾಗಿ ರಾಜೀನಾಮೆ ಕೊಟ್ಟೆ. ಆ ಅರ್ಜಿ ಬರೆಯುವಾಗ ಮಾತ್ರ ಕೈ ನಡುಗಿತು. ಇಲ್ಲಿ ಕಾಯಂ ಆಗುವ ಆಸೆಯನ್ನೂ ಅದರ ಜೊತೆಗೇ ಕೊಟ್ಟಂಗೆ.

ಪೂರ್ತಿ ಸ್ಕಾಲರ್‌ಶಿಪ್ ಅಂದರೂ ಕೈಯಿಂದ ಖರ್ಚಾಗುತ್ತೆ. ಐಇಎಲ್‌ಟಿಎಸ್, ಟ್ರಾನ್ಸ್‌ಕ್ರಿಪ್ಟ್, ಅಫಿಡವಿಟ್, ಬೆಂಗಳೂರಿನ ಓಡಾಟ, ಥಂಡಿ ಕೋಟು, ಎಲ್ಲಕ್ಕಿಂತ ಹೆಚ್ಚು ಲಂಡನ್ನಿನ ರೂಮಿನ ಮುಂಗಡ. ಅಲ್ಲಿ ಬಾಡಿಗೆ ವಾರದ ಲೆಕ್ಕ. ಕಾಲೇಜಿನ ಹತ್ತಿರ ವಾರಕ್ಕೆ 200 ಪೌಂಡ್ ಒಳಗೆ ರೂಮು ಸಿಗೋದು ಕಷ್ಟ. ಮೊದಲ ಕಂತಿನ ದುಡ್ಡು ಕೈಗೆ ಬರೋದು ಅಲ್ಲಿ ಹೋದ ಮೇಲೆ, ಮುಂಗಡ ಕೊಡಬೇಕಾದ್ದು ಇಲ್ಲಿಂದಲೇ. ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಬಂತು. ಸಂಬಂಧ ನೋಡುತ್ತಿದ್ದ ಅವ್ವನೇ ತನ್ನ ಬೋರಮಾಳ ಸೊಸೈಟಿಯಲ್ಲಿ ಅಡ ಇಟ್ಟಳು. ಮದುವೆಗೆ ಅಂತ ಇಟ್ಟದ್ದು, ಯಾವುದಕ್ಕಾದರೇನು ಅಂದಳು.

2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸೇರಿದೆ. ಕೆಪೆಲ್ ಸ್ಟ್ರೀಟಿನ ಹಳೆಯ ಕಟ್ಟಡ. ಬಾಲ್ಕನಿಗಳ ಮೇಲೆ ಸೊಳ್ಳೆ, ಚಿಗಟ, ಹೇನಿನ ಬಂಗಾರ ಬಣ್ಣದ ಬೊಂಬೆಗಳಿವೆ. ಗೋಡೆಯ ಮೇಲೆ ಸುತ್ತಲೂ ಆರೋಗ್ಯ ವಿಜ್ಞಾನದ ದೊಡ್ಡವರ ಹೆಸರು ಕೆತ್ತಿದ್ದಾರೆ. 1929ರಲ್ಲಿ ಕಟ್ಟಡ ತೆರೆದಾಗ ಎಲ್ಲ ಗಂಡಸರೇ. ಮೂವರು ಹೆಂಗಸರ ಹೆಸರು ಸೇರಿದ್ದು 2019ರಲ್ಲಿ. ಅದರಲ್ಲಿ ಒಬ್ಬಳು ಫ್ಲಾರೆನ್ಸ್ ನೈಟಿಂಗೇಲ್. ಕ್ಲಾಸಿನಲ್ಲಿ ಮಲಾವಿ, ನೈಜೀರಿಯಾ, ನೇಪಾಳದವರಿದ್ದರು. ಊಟ, ಚಳಿ, ಒಂಟಿತನದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ಒಂದು ದಿನ ಹೆರಿಗೆ ನಂತರದ ರಕ್ತಸ್ರಾವದ ಪಾಠ. ಇ-ಮೋಟಿವ್ ಅನ್ನುವ ಅಧ್ಯಯನ ತೋರಿಸಿದರು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80ರಷ್ಟು ಆಸ್ಪತ್ರೆಗಳನ್ನು ತೆಗೆದುಕೊಂಡು, ಅರ್ಧದಷ್ಟರಲ್ಲಿ ಡ್ರೇಪ್‌ನಿಂದ ಅಳೆದು, ಗರ್ಭಕೋಶದ ಮಸಾಜ್, ರಕ್ತ ನಿಲ್ಲಿಸುವ ಔಷಧಿಗಳಾದ ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ಪು, ತಪಾಸಣೆ ಎಲ್ಲ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಆಪರೇಷನ್, ಸಾವು ಎಲ್ಲ ಸೇರಿಸಿ ನೋಡಿದರೆ ಉಳಿದ ಆಸ್ಪತ್ರೆಗಳಿಗಿಂತ 60 ಪರ್ಸೆಂಟ್ ಕಮ್ಮಿ. ಪ್ರಕಟವಾಗಿದ್ದು 2023ರಲ್ಲಿ. ನಾನು ಸುಮ್ಮನೆ ಬರೆದುಕೊಳ್ಳುತ್ತಿದ್ದೆ. ಮುಂದಿನ ಸ್ಲೈಡಿನಲ್ಲಿ ಬೆಳಗಾವಿ ಬಂತು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆದ ಅಧ್ಯಯನ, 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರುಗಳೇ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ರಕ್ತಸ್ರಾವ 12 ಪರ್ಸೆಂಟ್‌ನಿಂದ 6.4ಕ್ಕೆ ಇಳಿಯಿತು. ಆ ಅಧ್ಯಯನದಲ್ಲಿ ರಕ್ತ ಅಳೆಯೋಕೆ ಅಂತಲೇ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಗೆರೆ ಹಾಕಿದ ಡ್ರೇಪ್ ಮಾಡಿದ್ದರು. ನಾನು ಆ ಜಿಲ್ಲೆಯಲ್ಲೇ ಹುಟ್ಟಿ, ಅಲ್ಲೇ ಡ್ರೇಪ್ ಹಾಸಿ, ಇದು ಹೊರಗಿನಿಂದ ಬಂದದ್ದು ಅಂದುಕೊಂಡಿದ್ದೆ. ಕೈ ಎತ್ತಿ, ನಾನು ಅಲ್ಲಿಯವಳೇ ಅಂದೆ. ಅವತ್ತು ಕ್ಲಾಸು ಮುಗಿದ ಮೇಲೆ ಮಲಾವಿಯ ಗೆಳತಿ ಡ್ರೇಪ್ ತೊಳೆದು ಮತ್ತೆ ಬಳಸುತ್ತೀರಾ, ಸಿಸೇರಿಯನ್‌ನಲ್ಲಿ ಏನು ಮಾಡುತ್ತೀರಿ ಅಂತ ಕೇಳಿ ಕೇಳಿ ಬರೆದುಕೊಂಡಳು. ಸಂದರ್ಶನಕ್ಕೆ ಹೋಗುವವರು, "ಹಿಂದುಳಿದ ಜಾಗದಿಂದ ಕಲಿಯೋಕೆ ಬಂದಿದ್ದೇನೆ" ಅನ್ನೋ ಧಾಟಿ ಬಿಟ್ಟುಬಿಡಿ ಅಂತ ನಾನು ಹೇಳೋದು ಇದಕ್ಕೇ.

ನವೆಂಬರ್‌ನಲ್ಲಿ ಬಳ್ಳಾರಿಯ ಸುದ್ದಿ ಬಂತು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಡ್ರಿಪ್ಪಿನ ದ್ರಾವಣದ ಮೇಲೆ ಅನುಮಾನ ಬಿತ್ತು. ರಾಜ್ಯದಲ್ಲಿ ತಾಯಂದಿರ ಸಾವಿನ ಆಡಿಟ್‌ಗೆ ಆದೇಶವಾಯಿತು. ಲಂಡನ್ನಿನಲ್ಲಿ ಕೂತು ಕನ್ನಡ ಪೇಪರ್ ಓದುತ್ತಾ, ನಾನು ಇಲ್ಲೇನು ಮಾಡುತ್ತಿದ್ದೇನೆ ಅನಿಸಿದ್ದು ಸುಳ್ಳಲ್ಲ.

ಎರಡನೇ ಪೆಟ್ಟು 2025ರ ಜನವರಿಯಲ್ಲಿ. ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿಯಿತು. ಗರ್ಭಪಾತದ ಬಗ್ಗೆ ಕೆಲಸ ಮಾಡುವ ವಿದೇಶಿ ಸಂಸ್ಥೆಗಳಿಗೆ ದುಡ್ಡು ಇಲ್ಲ ಅನ್ನುವ, 1984ರಿಂದ ಬಂದು ಹೋಗಿ ಮಾಡುತ್ತಿರುವ ಮೆಕ್ಸಿಕೋ ಸಿಟಿ ನೀತಿ ಮತ್ತೆ ಜಾರಿಯಾಯಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಅಮೆರಿಕದ ಸಂಸ್ಥೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ಮಲಾವಿಯ ಗೆಳತಿ ವಾಪಸ್ ಸೇರಬೇಕಿದ್ದ ಯೋಜನೆ ನಿಂತುಹೋಯಿತು, ಅವಳ ಸಹೋದ್ಯೋಗಿಗಳಿಗೆ ಒಂದು ಇಮೇಲಿನಲ್ಲಿ ಕೆಲಸ ಹೋಯಿತು.

ನನಗೆ ತಟ್ಟಿದ್ದು ಬೇರೆ ರೀತಿ. ಎಂಎಸ್ಸಿಗೆ ನಾನು ಬರೆಯಬೇಕಿದ್ದ ಸಂಶೋಧನಾ ಪ್ರಬಂಧ ಕರ್ನಾಟಕದ ಸಿಸೇರಿಯನ್ ಬಗ್ಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ನಮ್ಮ ರಾಜ್ಯದ ಹೆರಿಗೆಗಳಲ್ಲಿ 23.6 ಪರ್ಸೆಂಟ್ ಸಿಸೇರಿಯನ್, ಐದನೆಯದರಲ್ಲಿ 31.5. ಯಾರಿಗೆ ಏರಿತು, ಯಾಕೆ ಏರಿತು ನೋಡಬೇಕಿತ್ತು. ಮೂಲ ದತ್ತಾಂಶವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಳಿಸಿಕೊಳ್ಳುತ್ತಿದ್ದ ತಾಣ ಅಮೆರಿಕದ ದುಡ್ಡಿನಲ್ಲಿ ನಡೆಯುತ್ತಿತ್ತು. ಫೆಬ್ರವರಿಯಲ್ಲಿ ಹೊಸ ನೋಂದಣಿ ನಿಂತಿತು. ಬೆಳಗಾವಿ, ಬೀದರ್, ರಾಯಚೂರಿನ ಮನೆಬಾಗಿಲಿಗೆ ಹೋಗಿ ನಮ್ಮವರೇ ಕೇಳಿ ತುಂಬಿಸಿದ ಉತ್ತರಗಳು, ನಮಗೇ ಸಿಗಲ್ಲ. ಸಿಟ್ಟು ಬಂದು ಎರಡು ದಿನ ಲೈಬ್ರರಿಗೇ ಹೋಗಲಿಲ್ಲ. ಆಮೇಲೆ ನಮ್ಮ ಗೈಡ್, ಸಮೀಕ್ಷೆ ನಡೆಸುವ ಮುಂಬೈನ ಐಐಪಿಎಸ್‌ಗೇ ನೇರವಾಗಿ ಕೋರಿಕೆ ಹಾಕು ಅಂದರು. ಹಾಕಿದೆ, ಕಾದೆ, ಸಿಕ್ಕಿತು. ಪ್ರಬಂಧಕ್ಕೆ ದತ್ತಾಂಶ ಬೇಕಾದವರು ಕೋರ್ಸು ಶುರುವಾದ ತಿಂಗಳಲ್ಲೇ ಕೋರಿಕೆ ಹಾಕಿಬಿಡಿ, ವಿಷಯ ಗಟ್ಟಿಯಾಗಲಿ ಅಂತ ಕಾಯಬೇಡಿ.

ವಾಪಸ್ ಬಂದ ಮೇಲೆ ಕೆಲಸ ಹುಡುಕುವುದು ಈ ಇಡೀ ಪ್ರಯಾಣದಲ್ಲಿ ಅತಿ ಬೇಜಾರಿನ ಭಾಗ. ಎಲ್ಲ ಕಡೆ ನೇಮಕಾತಿ ನಿಂತಿತ್ತು. ಸಂದರ್ಶನ ಚೆನ್ನಾಗಿ ಆಗುತ್ತಿತ್ತು, ಆಮೇಲೆ "ಅನುದಾನ ಖಚಿತವಾದ ಮೇಲೆ ತಿಳಿಸುತ್ತೇವೆ" ಅಂತ ಪತ್ರ. ಅನುಭವ ಇದ್ದು ಕೆಲಸ ಕಳೆದುಕೊಂಡವರೂ ನಮ್ಮ ಜೊತೆಗೇ ಸಾಲಿನಲ್ಲಿದ್ದರು. ಊರಿನಲ್ಲಿ, "ಲಂಡನ್ನಿಗೆ ಹೋಗಿ ಬಂದು ಮನ್ಯಾಗ ಕುಂತಾಳ" ಅನ್ನೋ ಮಾತು. ಬಿಟ್ಟ ಗುತ್ತಿಗೆ ಕೆಲಸಕ್ಕೇ ಮತ್ತೆ ಅರ್ಜಿ ಹಾಕೋಣ ಅಂತಲೂ ಯೋಚನೆ ಬಂದಿತ್ತು.

ಕೊನೆಗೆ ಸಿಕ್ಕಿದ್ದು ಕಲ್ಯಾಣ ಕರ್ನಾಟಕದಲ್ಲಿ ತಾಯಂದಿರ ಸಾವಿನ ಪರಿಶೀಲನೆಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯಲ್ಲಿ. ಸಂಬಳ ಮೊದಲಿಗಿಂತ ಪರವಾಗಿಲ್ಲ, ಲಂಡನ್ ಡಿಗ್ರಿ ಅಂತ ಊರಿನವರು ಊಹಿಸುವಷ್ಟಿಲ್ಲ. ಸತ್ತವಳ ಮನೆಗೆ ಹೋಗಿ, ಆಶಾ ಕಾರ್ಯಕರ್ತೆಯ ಜೊತೆ ಕೂತು, ನೋವು ಶುರುವಾದಾಗಿನಿಂದ ಏನೇನಾಯಿತು ಅಂತ ಮನೆಯವರನ್ನು ಕೇಳುವುದು, ಎಲ್ಲಿ ತಡವಾಯಿತು ಅಂತ ಬರೆಯುವುದು, ಜಿಲ್ಲಾ ಮಟ್ಟದ ಸಭೆಗೆ ಅದನ್ನು ಒಯ್ಯುವುದು. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು, ಕೇರಳದಲ್ಲಿ 19. ಸಭೆಯಲ್ಲಿ ಈ ಅಂತರ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಒಬ್ಬಳ ಗಂಟೆ ನಿಮಿಷ ಓದಿದರೆ ಮಾತ್ರ ಯಾರಾದರೂ ಒಬ್ಬರು, "ಆ ರಾತ್ರಿ ಡ್ಯೂಟಿ ಯಾರದಿತ್ತು?" ಅಂತ ಕೇಳುತ್ತಾರೆ. ಆಗ ನಾನು ಡ್ಯೂಟಿ ಯಾರದು ಅನ್ನೋದಕ್ಕಿಂತ ರಕ್ತದ ಬಾಟ್ಲಿ ಯಾಕಿರಲಿಲ್ಲ ಅಂತ ಕೇಳೋಣ ಸರ್ ಅಂತೇನೆ. ಸರ್ಕಾರದ ಬೆನ್ನು ಹತ್ತುವುದಕ್ಕೆ ಅಡ್ವೊಕೆಸಿ ಅಂತಾರೆ, ಸದ್ಯಕ್ಕೆ ನನ್ನ ಅಡ್ವೊಕೆಸಿ ಅಂದರೆ ಇಷ್ಟು.

ಬರುವ ಆಗಸ್ಟ್‌ಗೆ ಅರ್ಜಿ ಹಾಕುವವರು ಈಗಲೇ ಮಾಡಬಹುದಾದದ್ದು: ಅನುಭವ ಪತ್ರದ ಕರಡು, ಹೆಸರಿನ ತಿದ್ದುಪಡಿ, ಟ್ರಾನ್ಸ್‌ಕ್ರಿಪ್ಟ್. ಐಇಎಲ್‌ಟಿಎಸ್ ಆಮೇಲೆ ಬರೆದರೂ ನಡೆಯುತ್ತೆ, ಕಾಲೇಜಿನ ಆಫರ್‌ಗೆ ಮೊದಲು ಅಂಕ ಕೈಯಲ್ಲಿದ್ದರೆ ಸಾಕು. ಕೋರ್ಸುಗಳ ಹೆಸರು, ಶುಲ್ಕ, ನಿಯಮ ವರ್ಷವರ್ಷ ಬದಲಾಗುತ್ತವೆ, ಅವರ ತಾಣದಲ್ಲೇ ನೋಡಿಕೊಳ್ಳಿ. ಅರ್ಜಿಯ ಪ್ರಬಂಧ ಓದಿ ಹೇಳಿ ಅಂತ ಕಳಿಸಿದರೆ ಓದುತ್ತೇನೆ. ಭಾನುವಾರ ಮಾತ್ರ.